ಚೀಟಿ ಇಲ್ಲದ ಹುಳಕ್ಕೆ ಸೂಜಿ ಯಾಕೆ?



ಈ ಸಲದ ಗೋಡೆ ಪತ್ರಿಕೆಯ "ನನ್ನ ಅಭಿಪ್ರಾಯ" ಅಂಕಣಕ್ಕೆ ಬರೆಯುವ ಸರದಿ ನನ್ನದು. ಮುಂದಿನ ತಿಂಗಳು ನಮ್ಮ ಶಾಲೆಯಲ್ಲಿ ವಿಜ್ಞಾನ ವಸ್ತು ಪ್ರದರ್ಶನ ಇರುವುದು ನಿಮಗೆಲ್ಲ ಗೊತ್ತೇ ಇದೆ. ಆರನೇ ತರಗತಿಯವರಿಗೆ ಎಲೆಗಳ ಸಂಗ್ರಹ, ನಮ್ಮ ಏಳನೇ ತರಗತಿಯವರಿಗೆ ಕೀಟಗಳ ಸಂಗ್ರಹ ಅಂತ ಹಂಚಿಕೆ ಆಗಿದೆ. ಅಂದರೆ ಹುಳಗಳನ್ನು ತರುವುದು, ಸೂಜಿ ಚುಚ್ಚಿ ಥರ್ಮಾಕೋಲ್ ಮೇಲೆ ನಿಲ್ಲಿಸುವುದು, ಕೆಡದ ಹಾಗೆ ಪೆಟ್ಟಿಗೆಯಲ್ಲಿ ಕಾಪಾಡುವುದು.

ಈ ಮಾತು ಬಂದ ದಿನದಿಂದ ನಮ್ಮ ತರಗತಿಯಲ್ಲಿ ಎರಡು ಪಕ್ಷ ಆಗಿದೆ. ಒಂದು ಪಕ್ಷದವರು, "ಜೀವ ಇರೋ ಹುಳನ ಕೊಂದು ಸೂಜಿ ಚುಚ್ಚೋದು ಪಾಪ, ಈ ಕೆಲಸನೇ ಬೇಡ" ಅನ್ನುತ್ತಾರೆ. ಇನ್ನೊಂದು ಪಕ್ಷದವರು, "ಯಾರು ಜಾಸ್ತಿ ಹಿಡೀತಾರೋ ಅವರಿಗೇ ಬಹುಮಾನ" ಅಂತ ಆಗಲೇ ಬಲೆ ಹೊಲಿಸಿಕೊಂಡು ಕೆರೆ ದಂಡೆಯಲ್ಲಿ ಚಿಟ್ಟೆಗಳ ಹಿಂದೆ ಓಡುತ್ತಿದ್ದಾರೆ. ನಾನು ಈ ಎರಡೂ ಪಕ್ಷಕ್ಕೆ ಸೇರಿದವಳಲ್ಲ. ಕೀಟ ಸಂಗ್ರಹ ಮಾಡಬೇಕು, ಆದರೆ ಸೂಜಿಯಲ್ಲಿ ನಿಲ್ಲಿಸಿದ ಪ್ರತಿ ಹುಳದ ಕೆಳಗೆ ಅದು ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು, ಯಾರು ತಂದರು ಅಂತ ಬರೆದ ಚೀಟಿ ಇರಲೇಬೇಕು. ಚೀಟಿ ಬರೆಯಲು ಆಗದಿದ್ದರೆ ಆ ಹುಳವನ್ನು ಮುಟ್ಟಲೇಬಾರದು. ಇದೇ ನನ್ನ ಅಭಿಪ್ರಾಯ. ಯಾಕೆ ಎಂಬುದನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲು ಪಾಪದ ಮಾತು. ಇದನ್ನು ಹೇಳುವವರನ್ನು ನೋಡಿ ಕೆಲವರು ನಗುತ್ತಾರೆ. ನಗಬಾರದು. ನಮ್ಮ ಅಜ್ಜಿ ಇರುವೆ ಗೂಡಿನ ಬಾಯಿಗೆ ಅಕ್ಕಿ ಹಿಟ್ಟು ಹಾಕಿ ಬರುತ್ತಾರೆ. ಹೀಗೆ ಮಾಡುವ ಅಜ್ಜಿಯರು ನಿಮ್ಮ ಮನೆಗಳಲ್ಲೂ ಇರಬಹುದು. ಅಂಥವರ ಮೊಮ್ಮಕ್ಕಳು ಆಟಕ್ಕೆಂದು ಜೀವ ತೆಗೆಯಬಾರದು ಅನ್ನುವುದು ಸರಿಯಾದ ಮಾತೇ. ಆದರೆ ಇದನ್ನು ಹೇಳುವ ಗೆಳೆಯರಿಗೆ ನನ್ನದೊಂದು ಪ್ರಶ್ನೆ. ಏರೋಪ್ಲೇನ್ ಚಿಟ್ಟೆಯ ಬಾಲಕ್ಕೆ ದಾರ ಕಟ್ಟಿ ಹಾರಿಸುವವರು ಯಾರು? ಜೀರ್ಜಿಂಬೆಯನ್ನು ಬೆಂಕಿಪೊಟ್ಟಣದಲ್ಲಿಟ್ಟು, ಎರಡು ಜಾಲಿ ಸೊಪ್ಪು ಹಾಕಿ, ಆಮೇಲೆ ಮರೆತುಬಿಡುವವರು ಯಾರು? ನಾವೇ ಅಲ್ಲವೇ? ಅದು ಸತ್ತರೆ ಪೊಟ್ಟಣ ಕೊಡವಿ ಇನ್ನೊಂದನ್ನು ಹಿಡಿದು ತುಂಬುತ್ತೇವೆ. ಅದರಿಂದ ನಾವು ಏನೂ ಕಲಿಯುವುದಿಲ್ಲ. ಆಗ ಯಾರೂ ಪಾಪ ಅನ್ನುವುದಿಲ್ಲ. ಕಲಿಯುವುದಕ್ಕೆ ಒಂದು ಹುಳ ಇಟ್ಟುಕೊಂಡರೆ ಮಾತ್ರ ಪಾಪ ಆಗುತ್ತದೆಯೇ?

ಇನ್ನು ಹೊಲದ ಮಾತು. ನಮ್ಮೂರಲ್ಲಿ ಮೆಕ್ಕೆಜೋಳವೇ ಹೆಚ್ಚು. ಹೋದ ಮುಂಗಾರಿನಲ್ಲಿ ನಮ್ಮ ಹೊಲದ ಜೋಳದ ಸುಳಿಗೆ ಹುಳ ಬಿತ್ತು. ಅಪ್ಪ ಔಷಧಿ ಅಂಗಡಿಗೆ ಹೋಗಿ "ಜೋಳಕ್ಕೆ ಹುಳ ಬಿದ್ದಿದೆ" ಅಂದರು. ಯಾವ ಹುಳ, ಎಲೆ ತಿನ್ನುತ್ತದೋ ಕಾಂಡ ಕೊರೆಯುತ್ತದೋ ಅಂತ ಅಂಗಡಿಯವರು ಕೇಳಲೇ ಇಲ್ಲ. ಎರಡು ಬಾಟಲಿ ಕೊಟ್ಟರು. ಅಪ್ಪ ಎರಡು ಸಲ ಹೊಡೆದರು. ಮಾರನೇ ದಿನ ನಾನು ಹೋಗಿ ನೋಡಿದರೆ ಕೆಂಪು ಬೆನ್ನಿನ ಗುಲಗಂಜಿ ಹುಳಗಳು ಸಾಲಿನಲ್ಲಿ ಸತ್ತು ಬಿದ್ದಿದ್ದವು. ಗುಲಗಂಜಿ ಹುಳ ಬೆಳೆಯ ಹೇನುಗಳನ್ನು ತಿನ್ನುತ್ತದೆ, ಅದು ರೈತರ ಮಿತ್ರ ಅಂತ ನಾವು ಓದಿದ್ದೇವೆ. ಬೆಳೆ ತಿನ್ನುವ ಹುಳ ಮಾತ್ರ ಸುಳಿಯ ಒಳಗೆ ತನ್ನ ಹಿಕ್ಕೆಯ ಕೆಳಗೆ ಅಡಗಿಕೊಂಡು ಹಾಯಾಗಿತ್ತು. ದುಡ್ಡು ಹೋಯಿತು, ಮಿತ್ರರು ಸತ್ತರು, ಶತ್ರು ಉಳಿಯಿತು. ಹುಳದ ಗುರುತು ಇಲ್ಲದಿದ್ದರೆ ಆಗುವುದು ಇದೇ.

ಆ ಹುಳ ಯಾವುದು ಅಂತ ಆಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ಗೊತ್ತಾಯಿತು. ಅದರ ಹೆಸರು ಫಾಲ್ ಸೈನಿಕ ಹುಳು. ಇದು ನಮ್ಮ ದೇಶದ್ದಲ್ಲ, ಅಮೆರಿಕ ಖಂಡದ್ದು. 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿಕೊಂಡಿತು. 2018ರಲ್ಲಿ ಭಾರತದಲ್ಲೇ ಮೊದಲ ಬಾರಿಗೆ ನಮ್ಮ ಕರ್ನಾಟಕದ ಶಿವಮೊಗ್ಗ ಕಡೆಯ ಮೆಕ್ಕೆಜೋಳದ ಹೊಲಗಳಲ್ಲಿ ವಿಜ್ಞಾನಿಗಳು ಇದನ್ನು ಗುರುತಿಸಿದರು. ಹೊಲದಲ್ಲಿ ನೂರು ಥರದ ಹುಳ ಇರುತ್ತವೆ. ಈ ಹುಳದ ತಲೆಯ ಮೇಲೆ ಇಂಗ್ಲಿಷಿನ ವೈ ಅಕ್ಷರವನ್ನು ತಲೆಕೆಳಗು ಮಾಡಿದ ಹಾಗೆ ಒಂದು ಬಿಳಿ ಗುರುತು ಇರುತ್ತದೆ. ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ ಇರುತ್ತವೆ. ಈ ಎರಡು ಗುರುತು ನೋಡಿದರೆ ನಾವೇ ಅದನ್ನು ಕಂಡುಹಿಡಿಯಬಹುದು. ನಾಳೆಯೇ ನಿಮ್ಮ ಹೊಲದಲ್ಲಿ ನೋಡಿ.

ಒಂದು ಹುಳ ಹೊಸದು ಅಂತ ಹೇಳಬೇಕಾದರೆ ಹಳೆಯ ಹುಳಗಳು ಯಾವುವು ಅಂತ ಮೊದಲು ಗೊತ್ತಿರಬೇಕು. ಅದಕ್ಕೇ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಕೀಟಗಳ ಸಂಗ್ರಹ ಇಟ್ಟಿರುತ್ತಾರೆ. ಪ್ರಪಂಚದಲ್ಲಿ ಹೆಸರು ಇಟ್ಟಿರುವ ಕೀಟಗಳೇ ಸುಮಾರು 10 ಲಕ್ಷ ಜಾತಿಗಳಿವೆ. ಅಷ್ಟನ್ನೂ ಯಾರಿಗೆ ನೆನಪಿಟ್ಟುಕೊಳ್ಳಲು ಸಾಧ್ಯ? ಪಕ್ಕದಲ್ಲಿಟ್ಟು ಹೋಲಿಸಿ ನೋಡಲು ಒಂದು ಮಾದರಿ ಬೇಕೇ ಬೇಕು. ಆದ್ದರಿಂದ ಸಂಗ್ರಹವೇ ಬೇಡ ಅನ್ನುವ ಪಕ್ಷವನ್ನು ನಾನು ಒಪ್ಪುವುದಿಲ್ಲ.

ಈಗ ಎರಡನೇ ಪಕ್ಷಕ್ಕೆ ಬರುತ್ತೇನೆ. ನಮ್ಮ ವಿಜ್ಞಾನದ ಕೋಣೆಯ ಬೀರುವಿನ ಮೇಲೆ ಹಿಂದಿನ ವರ್ಷದ ಏಳನೇ ತರಗತಿಯವರು ಮಾಡಿದ ಕೀಟದ ಪೆಟ್ಟಿಗೆ ಇದೆ. ಹೋದ ವಾರ ಮೇಷ್ಟ್ರ ಅಪ್ಪಣೆ ಕೇಳಿ ಅದನ್ನು ಇಳಿಸಿ ನೋಡಿದೆವು. ಎಣಿಸಿದಾಗ 42 ಗುಂಡುಸೂಜಿ ಇದ್ದವು. ಪೂರ್ತಿ ಉಳಿದಿದ್ದ ಹುಳಗಳು 9 ಮಾತ್ರ. ಉಳಿದ ಸೂಜಿಗಳ ಕೆಳಗೆ ಕಂದು ಬಣ್ಣದ ಪುಡಿ, ಮುರಿದ ಕಾಲು, ಚಿಟ್ಟೆಯ ರೆಕ್ಕೆಯ ಚೂರು. ಸೂಜಿಗಳಿಗೆ ತುಕ್ಕು ಹಿಡಿದಿತ್ತು. ಒಂದು ಮೂಲೆಯಲ್ಲಿ ಜೇಡವನ್ನೂ ಚುಚ್ಚಿದ್ದರು. ಕೀಟಕ್ಕೆ ಆರು ಕಾಲು, ಜೇಡಕ್ಕೆ ಎಂಟು ಕಾಲು, ಜೇಡ ಕೀಟವೇ ಅಲ್ಲ! ಒಂದು ಹುಳಕ್ಕೂ ಚೀಟಿ ಇರಲಿಲ್ಲ. ಪೆಟ್ಟಿಗೆಯ ಮುಚ್ಚಳದ ಮೇಲೆ "ಕೀಟ ಪ್ರಪಂಚ" ಅಂತ ಬಣ್ಣದ ಅಕ್ಷರ ಮಾತ್ರ ಚೆನ್ನಾಗಿತ್ತು. ಆ ಪೆಟ್ಟಿಗೆ ಮಾಡಿದ ಅಕ್ಕ ಒಬ್ಬರು ಈಗ ಹೈಸ್ಕೂಲಿಗೆ ಹೋಗುತ್ತಾರೆ. "ಅಕ್ಕಾ, ಈ ಹಸಿರು ದುಂಬಿ ಎಲ್ಲಿ ಸಿಕ್ಕಿತ್ತು?" ಅಂತ ಕೇಳಿದೆ. "ಅಯ್ಯೋ, ಯಾವನಿಗೆ ನೆನಪಿದೆ ಕಣೆ" ಅಂದರು. ಹಾಗಾದರೆ ಆ 42 ಹುಳಗಳು ಯಾಕೆ ಸತ್ತವು? ಒಂದು ದಿನ ಬಂದ ಅತಿಥಿಗಳು ಅರ್ಧ ನಿಮಿಷ ನೋಡಿ ಹೋಗುವುದಕ್ಕಾಗಿ. ಇದನ್ನು ನಾನೂ ಪಾಪ ಅಂತಲೇ ಕರೆಯುತ್ತೇನೆ.

ಚೀಟಿಯ ಬೆಲೆ ಎಷ್ಟು ದೊಡ್ಡದು ಎಂಬುದಕ್ಕೆ ಚಾರ್ಲ್ಸ್ ಡಾರ್ವಿನ್ ಎಂಬ ದೊಡ್ಡ ವಿಜ್ಞಾನಿಯ ಕಥೆ ಕೇಳಿ. ಇವರು ಕಾಲೇಜಿನಲ್ಲಿದ್ದಾಗ ದುಂಬಿ ಹಿಡಿಯುವ ಹುಚ್ಚು ಇತ್ತಂತೆ. ಒಂದು ದಿನ ಮರದ ತೊಗಟೆ ಕೀಳುವಾಗ ಎರಡು ಅಪರೂಪದ ದುಂಬಿ ಸಿಕ್ಕವು, ಒಂದೊಂದು ಕೈಯಲ್ಲಿ ಒಂದೊಂದು ಹಿಡಿದರು. ಅಷ್ಟರಲ್ಲಿ ಮೂರನೆಯದು ಕಂಡಿತು. ಕೈ ಖಾಲಿ ಇಲ್ಲ. ಬಲಗೈಯಲ್ಲಿದ್ದದ್ದನ್ನು ಬಾಯಿಗೆ ಹಾಕಿಕೊಂಡರು! ಅದು ನಾಲಿಗೆ ಸುಡುವಂಥ ರಸ ಬಿಟ್ಟಿತು. ಥೂ ಅಂತ ಉಗುಳಬೇಕಾಯಿತು, ಮೂರನೆಯದೂ ತಪ್ಪಿಸಿಕೊಂಡಿತು. ಇದನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಇಷ್ಟು ಆಸೆಯಿಂದ ಸಂಗ್ರಹ ಮಾಡಿದವರೇ 1835ರಲ್ಲಿ ಗ್ಯಾಲಪಗೋಸ್ ಎಂಬ ದ್ವೀಪಗಳಿಗೆ ಹೋದಾಗ, ತಂದ ಪುಟ್ಟ ಹಕ್ಕಿಗಳಲ್ಲಿ ಹೆಚ್ಚಿನವಕ್ಕೆ ಯಾವ ದ್ವೀಪದ್ದು ಅಂತ ಬರೆದಿಡಲಿಲ್ಲ. ಊರಿಗೆ ಬಂದ ಮೇಲೆ ಒಂದೊಂದು ದ್ವೀಪದಲ್ಲಿ ಒಂದೊಂದು ಜಾತಿ ಇರಬಹುದು ಎಂಬ ದೊಡ್ಡ ಪ್ರಶ್ನೆ ಎದ್ದಿತು. ಆಗ ಹಡಗಿನ ಕ್ಯಾಪ್ಟನ್ ಮತ್ತು ಜೊತೆಯವರು ದ್ವೀಪದ ಹೆಸರು ಬರೆದಿಟ್ಟಿದ್ದ ಹಕ್ಕಿಗಳನ್ನು ಕೇಳಿ ನೋಡಬೇಕಾಯಿತು. ಅಷ್ಟು ದೊಡ್ಡವರಿಗೇ ಚೀಟಿ ಇಲ್ಲದೆ ಕೆಲಸ ನಡೆಯಲಿಲ್ಲ. ಇನ್ನು ನಮಗೆ ನಡೆಯುತ್ತದೆಯೇ?

ಇನ್ನೊಂದು ಉದಾಹರಣೆ ಜರ್ಮನಿ ದೇಶದ್ದು. ಅಲ್ಲಿ ಕ್ರೆಫೆಲ್ಡ್ ಎಂಬ ಊರಿನಲ್ಲಿ ಕೀಟಗಳ ಮೇಲೆ ಆಸಕ್ತಿ ಇರುವವರ ಒಂದು ಸಂಘ ಇದೆ. ಅವರಲ್ಲಿ ಅನೇಕರು ಹವ್ಯಾಸಕ್ಕೆಂದು ಈ ಕೆಲಸ ಮಾಡುವವರು. 1989ರಿಂದ 2016ರವರೆಗೆ ಸಂರಕ್ಷಿತ ಜಾಗಗಳಲ್ಲಿ ಡೇರೆಯಂಥ ಬಲೆ ಕಟ್ಟಿ, ಬಿದ್ದ ಕೀಟಗಳನ್ನು ಸ್ಥಳ ಮತ್ತು ತಾರೀಖಿನ ಸಮೇತ ಬಾಟಲಿಗಳಲ್ಲಿ ಕಾಪಾಡಿ ತೂಕ ಮಾಡಿದರು. 2017ರಲ್ಲಿ ಲೆಕ್ಕ ಹೊರಬಂದಾಗ, 27 ವರ್ಷಗಳಲ್ಲಿ ಹಾರುವ ಕೀಟಗಳ ತೂಕ ನೂರಕ್ಕೆ 75ಕ್ಕಿಂತ ಹೆಚ್ಚು ಕಡಿಮೆ ಆಗಿತ್ತು. ಪ್ರಪಂಚವೇ ಬೆಚ್ಚಿಬಿತ್ತು. ಬಾಟಲಿಯ ಮೇಲೆ ತಾರೀಖು ಬರೆಯದಿದ್ದರೆ ಇದು ಯಾರಿಗೂ ತಿಳಿಯುತ್ತಿರಲಿಲ್ಲ. ನಮ್ಮೂರ ಅಜ್ಜಂದಿರೂ "ಮೊದಲು ಮಳೆಗಾಲದಲ್ಲಿ ಮಿಣುಕು ಹುಳ ಎಷ್ಟಿದ್ದವು, ಈಗೆಲ್ಲಿ?" ಅನ್ನುತ್ತಾರೆ. ಆದರೆ ಬರೆದಿಟ್ಟದ್ದು ಏನೂ ಇಲ್ಲ. ನಾವು ಈಗಿನಿಂದ ಬರೆದಿಟ್ಟರೆ, ಇನ್ನು 20 ವರ್ಷದ ಮೇಲೆ ಈ ಶಾಲೆಯಲ್ಲಿ ಓದುವವರಿಗೆ ಹೋಲಿಸಲು ಏನಾದರೂ ಇರುತ್ತದೆ.

ಈಗ ಚಿಟ್ಟೆಯ ವಿಷಯ. ಚಿಟ್ಟೆ ಚೆಂದ ಕಾಣುತ್ತದೆ ಅಂತ ಎಲ್ಲರೂ ಅದನ್ನೇ ಹಿಡಿಯುತ್ತಾರೆ. ನಮ್ಮ ಪೆಟ್ಟಿಗೆಗೆ ಚಿಟ್ಟೆ ಬೇಡ ಅಂತ ನನ್ನ ಅಭಿಪ್ರಾಯ. ಯಾಕೆಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ ಹುಲಿ, ಆನೆ ಜೊತೆಗೆ ಅನೇಕ ಚಿಟ್ಟೆಗಳೂ ಇವೆ. ಯಾವುದು ಪಟ್ಟಿಯಲ್ಲಿದೆ ಯಾವುದು ಇಲ್ಲ ಅಂತ ಗುರುತಿಸುವಷ್ಟು ನಾವು ಇನ್ನೂ ಕಲಿತಿಲ್ಲ. ಚಿಟ್ಟೆಯನ್ನು ರೆಕ್ಕೆಯ ಬಣ್ಣ ನೋಡಿಯೇ ಬಹಳ ಮಟ್ಟಿಗೆ ಗುರುತಿಸಬಹುದು, ಅದಕ್ಕೆ ಮೊಬೈಲಿನಲ್ಲಿ ತೆಗೆದ ಫೋಟೋ ಸಾಕು. "ಹಾಗಾದರೆ ಎಲ್ಲಾ ಹುಳಕ್ಕೂ ಫೋಟೋನೇ ಸಾಕಲ್ಲ?" ಅಂತ ನನ್ನ ಪಕ್ಕದಲ್ಲಿ ಕೂರುವ ಗೆಳತಿ ಕೇಳಿದಳು. ಒಳ್ಳೆಯ ಪ್ರಶ್ನೆ. ಆದರೆ ಅಕ್ಕಿಕಾಳಿನಷ್ಟು ದುಂಬಿಯ ಹೊಟ್ಟೆಯ ಕೆಳಗೆ ಏನಿದೆ, ಕಾಲಿನ ಮೇಲೆ ಎಷ್ಟು ಮುಳ್ಳಿದೆ, ಬಾಯಿ ಕಚ್ಚುವಂಥದ್ದೋ ಹೀರುವಂಥದ್ದೋ, ಇದೆಲ್ಲ ಒಂದು ಫೋಟೋದಲ್ಲಿ ಕಾಣುವುದಿಲ್ಲ. ಭೂತಗನ್ನಡಿ ಹಿಡಿದು ತಿರುಗಿಸಿ ತಿರುಗಿಸಿ ನೋಡಬೇಕು. ಆದ್ದರಿಂದ ಫೋಟೋದಲ್ಲಿ ಆಗುವುದಕ್ಕೆ ಫೋಟೋ ಇರಲಿ, ಆಗದ್ದಕ್ಕೆ ಮಾತ್ರ ಸೂಜಿ ಇರಲಿ.

ಹಾಗಾದರೆ ಹುಳ ಎಲ್ಲಿಂದ ತರುವುದು? ಕೊಲ್ಲದೆಯೂ ಬೇಕಾದಷ್ಟು ಸಿಗುತ್ತವೆ. ಬೆಳಿಗ್ಗೆ ಬೀದಿ ದೀಪದ ಕಂಬದ ಬುಡದಲ್ಲಿ ನೋಡಿ, ರಾತ್ರಿ ದೀಪಕ್ಕೆ ಬಂದು ಸತ್ತ ದುಂಬಿ, ಪತಂಗ ಬಿದ್ದಿರುತ್ತವೆ. ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿಯನ್ನು ತೋಟದವರು ಕಂಬಿ ಕೊಕ್ಕೆಯಿಂದ ಎಳೆದು ಬಿಸಾಡುತ್ತಾರೆ, ಕೇಳಿದರೆ ಕೊಡುತ್ತಾರೆ. ಮೊದಲ ಮಳೆ ಬಿದ್ದ ಸಂಜೆ ಬೇವಿನ ಮರ, ಜಾಲಿ ಮರಕ್ಕೆ ಕಂದು ಬಣ್ಣದ ದುಂಬಿಗಳು ಮುತ್ತುತ್ತವಲ್ಲ, ಅವೇ ಗೊಣ್ಣೆ ಹುಳದ ತಾಯಿ ತಂದೆ. ಗೊಣ್ಣೆ ಹುಳ ಕಬ್ಬು, ಶೇಂಗಾದ ಬೇರು ತಿನ್ನುತ್ತದೆ. ರೈತರು ಆ ದುಂಬಿಗಳನ್ನು ಮರ ಅಲ್ಲಾಡಿಸಿ ಬೀಳಿಸಿ ಸೀಮೆಎಣ್ಣೆ ನೀರಿಗೆ ಹಾಕಿ ಕೊಲ್ಲುತ್ತಾರೆ. ಅದರಲ್ಲಿ ಎರಡು ಕೇಳಿ ತಂದರೆ ಸಾಕು. ಒಂದು ಎಚ್ಚರಿಕೆ: ಆಗ ತಾನೇ ಔಷಧಿ ಹೊಡೆದ ಹೊಲಕ್ಕೆ ಹುಳ ಆರಿಸಲು ಹೋಗಬೇಡಿ, ಸತ್ತ ಹುಳ ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ.

ಇನ್ನು ಸೂಜಿ ಚುಚ್ಚುವ ಕ್ರಮ. ಯಾವ ಕಾರಣಕ್ಕೂ ಜೀವಂತ ಹುಳಕ್ಕೆ ಸೂಜಿ ಚುಚ್ಚಬಾರದು. ಬೆಳೆಯ ಹುಳ ಜೀವಂತ ಸಿಕ್ಕಿ, ಅದು ಬೇಕೇ ಬೇಕು ಅಂದರೆ ಮೇಷ್ಟ್ರನ್ನು ಕೇಳಿ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನ ಐಸ್ ಆಗುವ ಜಾಗದಲ್ಲಿ ಎರಡು ದಿನ ಇಡಬೇಕು. ವಿಷದ ಬಾಟಲಿ ನಮ್ಮಂಥ ಮಕ್ಕಳಿಗೆ ಬೇಡವೇ ಬೇಡ. ಒಣಗಿ ಗಟ್ಟಿಯಾದ ಹುಳವನ್ನು ಹಾಗೇ ಚುಚ್ಚಿದರೆ ಕಾಲು ಮುರಿಯುತ್ತದೆ. ಒದ್ದೆ ಮರಳಿನ ಮೇಲೆ ಕಾಗದ ಹಾಸಿ, ಅದರ ಮೇಲೆ ಹುಳ ಇಟ್ಟು, ಡಬ್ಬಿ ಮುಚ್ಚಿ ಒಂದು ದಿನ ಬಿಟ್ಟರೆ ಮೆತ್ತಗಾಗುತ್ತದೆ. ಬಹಳ ದಿನ ಬಿಟ್ಟರೆ ಬೂಸು ಹಿಡಿಯುತ್ತದೆ. ಗುಂಡುಸೂಜಿ ಗಿಡ್ಡ, ದಪ್ಪ, ಬೇಗ ತುಕ್ಕು ಹಿಡಿಯುತ್ತದೆ. ಕೀಟಕ್ಕೆಂದೇ ಸುಮಾರು 38 ಮಿ.ಮೀ. ಉದ್ದದ ತುಕ್ಕು ಹಿಡಿಯದ ಸೂಜಿ ಬರುತ್ತದೆ, ಅದನ್ನೇ ತರಿಸಬೇಕು. ದುಂಬಿಗೆ ನಡು ಬೆನ್ನಿಗೆ ಚುಚ್ಚಬಾರದು, ಬಲಗಡೆಯ ಗಟ್ಟಿ ರೆಕ್ಕೆಯ ಮೇಲ್ಭಾಗದಲ್ಲಿ ಚುಚ್ಚಬೇಕು. ಯಾಕೆಂದರೆ ದೇಹದ ಎಡ ಬಲ ಒಂದೇ ಥರ ಇರುತ್ತದೆ, ಬಲಗಡೆ ತೂತಾದರೂ ನೋಡಲು ಎಡಗಡೆ ಪೂರ್ತಿ ಉಳಿಯುತ್ತದೆ. ಪತಂಗಕ್ಕೆ ಮಾತ್ರ ಎದೆಯ ನಡುವೆ. ಮಿಡತೆಗೆ ತಲೆಯ ಹಿಂದಿನ ಗಟ್ಟಿ ಭಾಗದಲ್ಲಿ ಸ್ವಲ್ಪ ಬಲಕ್ಕೆ. ಮೆತ್ತನೆಯ ಕಂಬಳಿಹುಳ, ಗೆದ್ದಲಿಗೆ ಸೂಜಿ ಆಗುವುದಿಲ್ಲ, ಅವು ಸುಕ್ಕಾಗುತ್ತವೆ. ಅವನ್ನು ಮೇಷ್ಟ್ರ ಕೈಯಿಂದ ಸ್ಪಿರಿಟ್ ಇರುವ ಸಣ್ಣ ಸೀಸೆಯಲ್ಲಿ ಹಾಕಿಸಬೇಕು.

ಚುಚ್ಚಿದ ಮೇಲೆ ಒಂದು ವಾರ ನೆರಳಿನಲ್ಲಿ ಒಣಗಿಸಿ, ಬಿಗಿಯಾಗಿ ಮುಚ್ಚುವ ಪೆಟ್ಟಿಗೆಯಲ್ಲಿ ನುಸಿಗುಳಿಗೆ ಕಟ್ಟಿ ಇಡಬೇಕು. ಇಲ್ಲಾಂದ್ರೆ ಇರುವೆ ಮತ್ತು ಸತ್ತ ಹುಳವನ್ನೇ ತಿನ್ನುವ ಕೂದಲು ಕೂದಲಿನ ಪುಟ್ಟ ಹುಳ ಬಂದು ಎಲ್ಲಾ ಪುಡಿ ಮಾಡುತ್ತವೆ. ನುಸಿಗುಳಿಗೆ ಚಿಕ್ಕ ಮಕ್ಕಳ ಕೈಗೆ ಸಿಗಬಾರದು, ಪೆಪ್ಪರಮಿಂಟು ಅಂದುಕೊಂಡು ಬಾಯಿಗೆ ಹಾಕಿಕೊಂಡಾರು. ಸರಿಯಾಗಿ ಕಾಪಾಡಿದರೆ ಎಷ್ಟು ವರ್ಷ ಉಳಿಯುತ್ತವೆ ಗೊತ್ತೇ? 1778ರಲ್ಲಿ ತೀರಿಕೊಂಡ ಲಿನ್ನೇಯಸ್ ಎಂಬ ಸ್ವೀಡನ್ ದೇಶದ ವಿಜ್ಞಾನಿ ಸಂಗ್ರಹಿಸಿದ್ದ ಕೀಟಗಳು ಇವತ್ತಿಗೂ ಲಂಡನ್ನಿನಲ್ಲಿವೆ. ನಮ್ಮ ಶಾಲೆಯಲ್ಲಿ ಒಂದು ವರ್ಷ ಕೂಡ ಉಳಿಯಲಿಲ್ಲ.

ಚೀಟಿ ಬರೆಯುವುದು ಎಲ್ಲಕ್ಕಿಂತ ಸುಲಭ. ಹೆಬ್ಬೆರಳಿನ ಉಗುರಿನಷ್ಟು ದಪ್ಪ ಕಾಗದ ಸಾಕು. ಜೆಲ್ ಪೆನ್ನಿನಲ್ಲಿ ಬರೆದರೆ ನೀರು ತಾಗಿ ಅಳಿಸುತ್ತದೆ, ಪೆನ್ಸಿಲ್ಲಿನಲ್ಲಿ ಬರೆಯಬೇಕು. ಊರು, ತಾಲ್ಲೂಕು, ಜಿಲ್ಲೆ, ತಾರೀಖು, ತಂದವರ ಹೆಸರು. ಅದರ ಕೆಳಗೆ ಇನ್ನೊಂದು ಚೀಟಿಯಲ್ಲಿ "ಮೆಕ್ಕೆಜೋಳದ ಸುಳಿಯಲ್ಲಿ" ಅಥವಾ "ದೀಪದ ಕಂಬದ ಕೆಳಗೆ" ಅಂತ ಸಿಕ್ಕಿದ ಜಾಗ. ಎರಡನ್ನೂ ಅದೇ ಸೂಜಿಗೆ ಹುಳದ ಕೆಳಗೆ ಪೋಣಿಸಬೇಕು. ಹುಳದ ಹೆಸರು ಗೊತ್ತಿಲ್ಲದಿದ್ದರೂ ಚಿಂತೆ ಇಲ್ಲ, ಹೆಸರನ್ನು ತಿಳಿದವರು ಮುಂದೆ ಯಾವಾಗಲಾದರೂ ಹೇಳುತ್ತಾರೆ. ಆದರೆ ಎಲ್ಲಿ, ಯಾವತ್ತು ಎಂಬುದನ್ನು ತಂದವರು ಬಿಟ್ಟು ಬೇರೆ ಯಾರೂ ಹೇಳಲು ಸಾಧ್ಯವಿಲ್ಲ.

ಕೊನೆಯದಾಗಿ ಗುರುಗಳಲ್ಲಿ ಮತ್ತು ಸಹಪಾಠಿಗಳಲ್ಲಿ ನನ್ನ ನಾಲ್ಕು ಬೇಡಿಕೆಗಳು:

1. ಹೆಚ್ಚು ಹುಳ ತಂದವರಿಗೆ ಹೆಚ್ಚು ಅಂಕ ಬೇಡ. ಒಂದು ಗುಂಪಿಗೆ 10 ಹುಳ ಸಾಕು. ಚೀಟಿ ಸರಿಯಾಗಿದ್ದರೆ ಮಾತ್ರ ಅಂಕ ಕೊಡಿ.

2. ಚಿಟ್ಟೆ, ಜೇನುಹುಳ, ಗುಲಗಂಜಿ ಹುಳಗಳನ್ನು ಯಾರೂ ಕೊಲ್ಲಬಾರದು. ಅವುಗಳ ಚಿತ್ರ ಅಥವಾ ಫೋಟೋ ಅಂಟಿಸೋಣ.

3. ಈ ಸಲದ ಪೆಟ್ಟಿಗೆಗೆ "ನಮ್ಮೂರ ಬೆಳೆಯ ಹುಳಗಳು" ಅಂತ ಹೆಸರಿಡೋಣ. ಹೆಸರುಗಳು ಸರಿ ಇವೆಯೇ ಅಂತ ರೈತ ಸಂಪರ್ಕ ಕೇಂದ್ರದ ಅಧಿಕಾರಿಗಳಿಂದ ನೋಡಿಸೋಣ.

4. ಪ್ರದರ್ಶನ ಮುಗಿದ ಮೇಲೆ ಪೆಟ್ಟಿಗೆ ಬೀರುವಿನ ಮೇಲೆ ಹೋಗಬಾರದು. ಹುಳ ಬಿದ್ದಾಗ ಊರಿನ ಯಾವ ರೈತರು ಬಂದರೂ ನೋಡಿ ಹೋಲಿಸಿಕೊಳ್ಳುವ ಹಾಗೆ ಶಾಲೆಯಲ್ಲಿ ಇಡಬೇಕು. ನುಸಿಗುಳಿಗೆ ಬದಲಾಯಿಸುವ ಕೆಲಸ ಪ್ರತಿ ವರ್ಷದ ಏಳನೇ ತರಗತಿಯವರದ್ದಾಗಲಿ.

"ಊರಿಗೆ ಉಪಕಾರಿ ಆಗು" ಅಂತ ದೊಡ್ಡವರು ಆಶೀರ್ವಾದ ಮಾಡುತ್ತಾರೆ. ಸತ್ತ ಒಂದು ಹುಳವೂ ಊರಿಗೆ ಉಪಕಾರಿ ಆಗಬಹುದು, ಅದಕ್ಕೆ ನಾವು ಎರಡು ಸಾಲು ಬರೆದರೆ. ಬೇರೆ ಅಭಿಪ್ರಾಯ ಇರುವವರು ಮುಂದಿನ ಸಂಚಿಕೆಗೆ ಬರೆದು ಕೊಡಿ, ನಾನು ಖಂಡಿತ ಓದುತ್ತೇನೆ. ಬಲೆ ಹೊಲಿಸಿಕೊಂಡವರು ಮಾತ್ರ ಈ ಶನಿವಾರ ಕೆರೆ ದಂಡೆಗೆ ಹೋಗುವ ಮುಂಚೆ ಜೇಬಿನಲ್ಲಿ ಒಂದು ಪೆನ್ಸಿಲ್ ಇಟ್ಟುಕೊಳ್ಳಿ.

ಇಂತಿ ನಿಮ್ಮ ಸಹಪಾಠಿ,
7ನೇ ತರಗತಿ ವಿದ್ಯಾರ್ಥಿನಿ